ಅಣುಶಕ್ತಿಯ ಹರಿಕಾರ ಡಾ. ಹೋಮಿ ಭಾಭಾ

ಸಕ್ಕರೆ ನೀರಿನಲ್ಲಿ ಬೇಗ ಕರಗುತ್ತದೆ. ಕಲ್ಲುಸಕ್ಕರೆಗೆ ಹೊತ್ತು ಬೇಕು. ಪುಡಿ ಮಾಡಿ ಬಿಸಿನೀರಿಗೆ ಹಾಕಿದರೆ ಅದೂ ಬೇಗ ಕರಗುತ್ತದೆ. ಅಡುಗೆಮನೆಯ ಈ ಪಾಠ ಅಣುವಿಜ್ಞಾನಕ್ಕೂ ಬೇಕು ಎಂದರೆ ನಂಬುವಿರಾ? ಡಾ. ಹೋಮಿ ಜಹಾಂಗೀರ್ ಭಾಭಾ ಅವರ ಬದುಕನ್ನು ತಿಳಿದರೆ ನಂಬುತ್ತೀರಿ.

ಭಾಭಾ 1909ರ ಅಕ್ಟೋಬರ್ 30ರಂದು ಮುಂಬೈಯ ಪಾರ್ಸಿ ಕುಟುಂಬದಲ್ಲಿ ಜನಿಸಿದರು. ಮಾಂಟ್ ಕಿಯಾರಾದಲ್ಲಿರುವ ನಿಮ್ಮಂತೆ ಅವರೂ ತಾಯ್ನಾಡಿನಿಂದ ದೂರದಲ್ಲಿ ಓದಿದವರು. ಮಗ ಎಂಜಿನಿಯರ್ ಆಗಲಿ ಎಂಬುದು ತಂದೆಯ ಆಸೆ, ಮಗನಿಗೆ ಭೌತವಿಜ್ಞಾನದ ಹಂಬಲ. ಕೇಂಬ್ರಿಡ್ಜ್‌ನಲ್ಲಿ ಮೊದಲು ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ಪಡೆದು ತಂದೆಯ ಮಾತು ನಡೆಸಿದರು. ನಂತರ ಅವರ ಒಪ್ಪಿಗೆಯಿಂದಲೇ ತಮಗಿಷ್ಟವಾದುದನ್ನು ಓದಿದರು.

1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದಾಗ ಎರಡನೇ ಮಹಾಯುದ್ಧ ಆರಂಭವಾಯಿತು. ಹಿಂತಿರುಗಲಾಗದೆ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ವಿಭಾಗ ಸೇರಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. ಸ್ವದೇಶದಲ್ಲೇ ಉಳಿದು ದುಡಿಯುವ ನಿರ್ಧಾರ ಗಟ್ಟಿಯಾದದ್ದು ಆ ವರ್ಷಗಳಲ್ಲಿಯೇ. 1945ರಲ್ಲಿ ಅವರು ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಗಿ, ಅದೇ ವರ್ಷ ಮುಂಬೈಗೆ ಹೋಯಿತು.

ಭಾರತದಲ್ಲಿ ಯುರೇನಿಯಂ ಕಡಿಮೆ. ಕೇರಳದ ಕಡಲತೀರದ ಮರಳಿನಲ್ಲಿ ಥೋರಿಯಂ ಹೇರಳ. ಅದಕ್ಕಾಗಿ ಭಾಭಾ ಮೂರು ಹಂತಗಳ ಯೋಜನೆ ರೂಪಿಸಿದರು. ಮೊದಲ ಹಂತದಲ್ಲಿ ಬಳಸಿದ ಯುರೇನಿಯಂ ಇಂಧನದಿಂದ ಪ್ಲುಟೋನಿಯಂ ತೆಗೆದು ಎರಡನೆಯ ಹಂತಕ್ಕೆ ಕೊಡಬೇಕು. ಅಲ್ಲಿ ಥೋರಿಯಂನಿಂದ ಹುಟ್ಟುವ ಯುರೇನಿಯಂ-233 ಮೂರನೆಯ ಹಂತಕ್ಕೆ ಇಂಧನ. ಹೀಗೆ ಬೇರ್ಪಡಿಸಲು ಬಳಸಿದ ಇಂಧನವನ್ನು ಮೊದಲು ನೈಟ್ರಿಕ್ ಆಮ್ಲದಲ್ಲಿ ಕರಗಿಸಬೇಕು. ಅದು ಕರಗದಿದ್ದರೆ ಮುಂದಿನ ಹಂತವೇ ಇಲ್ಲ!

ಈ ಕೆಲಸಕ್ಕಾಗಿ ಹೋಮಿ ಸೇಠ್ನಾ ಅವರ ಮುಂದಾಳುತನದಲ್ಲಿ ಭಾರತೀಯರೇ ಟ್ರಾಂಬೆಯಲ್ಲಿ ಕಟ್ಟಿದ ಸ್ಥಾವರ 1964ರಲ್ಲಿ ಆರಂಭವಾಯಿತು. ಅಲ್ಲಿ ಇಂಧನದ ಅಲ್ಯೂಮಿನಿಯಂ ಹೊದಿಕೆಯನ್ನು ಕ್ಷಾರದಲ್ಲಿ ಕರಗಿಸಿ, ಬಳಿಕ ಯುರೇನಿಯಂ ಅನ್ನು ಆಮ್ಲದಲ್ಲಿ ಕರಗಿಸುತ್ತಿದ್ದರು. ಅಲ್ಲಿ ತೆಗೆದ ಪ್ಲುಟೋನಿಯಂ 1974ರ ಪೋಖ್ರಾನ್ ಪರೀಕ್ಷೆಗೂ ಬಳಕೆಯಾಯಿತು.

1966ರ ಜನವರಿ 24ರಂದು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತದಲ್ಲಿ ನಡೆದ ವಿಮಾನ ದುರಂತದಲ್ಲಿ ಭಾಭಾ ತೀರಿಕೊಂಡರು. ಆಗ ಅವರಿಗೆ ಕೇವಲ 56 ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಡಲಾಯಿತು.

ಅವರ ನಂತರವೂ ಕರಗಿಸುವ ಕೆಲಸ ಸುಧಾರಿಸುತ್ತ ಬಂದಿದೆ. ವಿದ್ಯುತ್ ಸ್ಥಾವರಗಳ ಇಂಧನದ ಜಿರ್ಕೋನಿಯಂ ಮಿಶ್ರಲೋಹದ ಕೊಳವೆ ನೈಟ್ರಿಕ್ ಆಮ್ಲಕ್ಕೆ ಕರಗದು. ಹಾಗಾಗಿ ಅದನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಒಳಗಿನ ಇಂಧನವನ್ನು ಕರಗಿಸುತ್ತಾರೆ. ಥೋರಿಯಂ ಆಕ್ಸೈಡ್ ಇನ್ನೂ ಹಟಮಾರಿ. ಅದಕ್ಕೆ ತುಸು ಹೈಡ್ರೋಫ್ಲೋರಿಕ್ ಆಮ್ಲ ಸೇರಿಸಬೇಕು. ಅದು ಪಾತ್ರೆಯನ್ನೇ ತಿನ್ನುವುದರಿಂದ ಅಲ್ಯೂಮಿನಿಯಂ ನೈಟ್ರೇಟ್ ಹಾಕಿ ಹತೋಟಿಯಲ್ಲಿಡಬೇಕು.

ಮಕ್ಕಳೇ, ದೊಡ್ಡ ಕನಸು ಇಂತಹ ಚಿಕ್ಕ ಕೆಲಸಗಳ ಮೇಲೆ ನಿಲ್ಲುತ್ತದೆ. ಭಾಭಾ ಕಂಡ ಮೂರನೆಯ ಹಂತ ಇನ್ನೂ ಕಾಯುತ್ತಿದೆ. ರಸಾಯನಶಾಸ್ತ್ರದ ಪಾಠವನ್ನು ಮನಸ್ಸಿಟ್ಟು ಕೇಳಿ. ಆ ಕೆಲಸ ನಾಳೆ ನಿಮ್ಮ ಕೈಗೇ ಬರಬಹುದು.