ಹೆಜ್ಜೆ ಎಲ್ಲರಿಗೂ ಗೊತ್ತು, ಹೆಸರು ಮಾತ್ರ ಮರೆತೋಯ್ತು: ಗಿರಣಿ ಕಾರ್ಮಿಕನ ಮಗ ಭಗವಾನ್ ದಾದಾ ಕಥೆ

ಹಳೇ ಹಿಂದಿ ಸಿನಿಮಾದ ಹಾಸ್ಯ ನಟರು ಅಂದ ಕೂಡಲೇ ಜಾನಿ ವಾಕರ್, ಮೆಹಮೂದ್ ನೆನಪಾಗ್ತಾರೆ. ಭಗವಾನ್ ದಾದಾ ಅಂದ್ರೆ ಈಗಿನ ಹುಡುಗರು ಯಾರದು ಅಂತ ಕೇಳ್ತಾರೆ. ಆದ್ರೆ ಅವರ ಡ್ಯಾನ್ಸ್ ಮಾತ್ರ ಎಲ್ಲರೂ ನೋಡಿದ್ದೇ. ಎರಡೂ ಕೈ ಅರ್ಧ ಎತ್ತಿ, ಮೊಣಕೈ ಮಡಚಿ, ತಾಳಕ್ಕೆ ಸರಿಯಾಗಿ ಕೈ ಆಡಿಸ್ತಾ, ಸೊಂಟ ಸ್ವಲ್ಪವೇ ಬಳುಕಿಸಿ, ಪುಟ್ಟ ಪುಟ್ಟ ಹೆಜ್ಜೆ ಹಾಕೋದು. ಮುಂದೆ ಅಮಿತಾಭ್ ಬಚ್ಚನ್ ಅಂಥ ದೊಡ್ಡ ಸ್ಟಾರ್ ಕೂಡ ಪರದೆ ಮೇಲೆ ಇದೇ ಧಾಟಿಯಲ್ಲಿ ಕುಣಿದರು. ಹೆಜ್ಜೆ ಉಳೀತು, ಹಾಕಿಕೊಟ್ಟವರ ಹೆಸರು ಅಳಿಸಿಹೋಯ್ತು.

ಅವರ ಪೂರ್ತಿ ಹೆಸರು ಭಗವಾನ್ ಅಭಾಜಿ ಪಾಲವ್. ಹುಟ್ಟಿದ್ದು 1913ರ ಆಗಸ್ಟ್ 1ರಂದು, ಮಹಾರಾಷ್ಟ್ರದ ಅಮರಾವತಿಯಲ್ಲಿ. ತಂದೆ ಬಟ್ಟೆ ಗಿರಣಿ ಕಾರ್ಮಿಕ. ಬೆಳೆದದ್ದು ಮುಂಬೈನಲ್ಲಿ, ಗಿರಣಿ ಸೈರನ್‌ಗೆ ಎದ್ದು ಸೈರನ್‌ಗೆ ಮನೆಗೆ ಬರೋ ಜನರ ಮಧ್ಯೆ. ಓದು ಹೆಚ್ಚೇನೂ ಆಗಲಿಲ್ಲ. ಭಗವಾನ್ ಸಹ ಕೂಲಿ ಕೆಲಸ ಮಾಡಿದವರೇ. ಆದ್ರೆ ತಲೆ ತುಂಬಾ ಸಿನಿಮಾ. ಆಗಿನ್ನೂ ಮೂಕಿ ಚಿತ್ರಗಳ ಕಾಲ. ಸ್ಟುಡಿಯೋ ಬಾಗಿಲು ಕಾದು ಕಾದು ಸಣ್ಣಪುಟ್ಟ ಪಾತ್ರ ಗಿಟ್ಟಿಸಿಕೊಂಡರು.

ನೋಡೋಕೆ ಹೀರೋ ಥರ ಇರಲಿಲ್ಲ. ಗಿಡ್ಡ, ದಪ್ಪ, ದುಂಡು ಮುಖ. ಅದಕ್ಕೇ ಅವರು ಮೈಕಟ್ಟು ನಂಬಿಕೊಂಡು ಕೂರಲಿಲ್ಲ, ಕೆಲಸ ಕಲಿತರು. ಕ್ಯಾಮೆರಾ ಎಲ್ಲಿಡಬೇಕು, ಸೆಟ್ ಹೇಗೆ ಹಾಕಬೇಕು, ಕಡಿಮೆ ದುಡ್ಡಲ್ಲಿ ಹೊಡೆದಾಟ ಹೇಗೆ ತೆಗೀಬೇಕು ಅನ್ನೋದನ್ನೆಲ್ಲ ಸ್ಟುಡಿಯೋದಲ್ಲೇ ನೋಡಿ ನೋಡಿ ಕಲಿತರು.

65 ಸಾವಿರಕ್ಕೆ ಒಂದು ಸಿನಿಮಾ

1938ರಲ್ಲಿ ಚಂದ್ರರಾವ್ ಕದಮ್ ಅವರ ಜೊತೆ ಸೇರಿ 'ಬಹಾದೂರ್ ಕಿಸಾನ್' ನಿರ್ದೇಶನ ಮಾಡಿದರು. ಅಲ್ಲಿಂದ ಮುಂದಿನ ಹತ್ತು ವರ್ಷ ಸಾಲು ಸಾಲು ಸ್ಟಂಟ್ ಚಿತ್ರಗಳು. ಬಜೆಟ್ ಸುಮಾರು 65 ಸಾವಿರ ರೂಪಾಯಿ. ಅಷ್ಟರಲ್ಲೇ ಕಲಾವಿದರ ಊಟದ ವ್ಯವಸ್ಥೆಯಿಂದ ಹಿಡಿದು ಬಟ್ಟೆ ಡಿಸೈನ್ ತನಕ ಎಲ್ಲ ಅವರೇ ನೋಡಿಕೊಳ್ತಿದ್ರು. ಅವರ ಪಾತ್ರ ಹೆಚ್ಚಾಗಿ ಭೋಳೆ ಮನುಷ್ಯನದ್ದು. ಏಟು ತಿಂತಾನೆ, ಬೀಳ್ತಾನೆ, ಮತ್ತೆ ಏಳ್ತಾನೆ. ದಿನವಿಡೀ ದುಡಿದು ದಣಿದ ಜನ ಈ ಸಿನಿಮಾಗಳನ್ನ ಮುಗಿಬಿದ್ದು ನೋಡ್ತಿದ್ರು.

1941ರಲ್ಲಿ ತಮಿಳಲ್ಲೂ ಒಂದು ಚಿತ್ರ ಮಾಡಿದರು, 'ವನಮೋಹಿನಿ'. ಎಂ.ಕೆ. ರಾಧಾ ಹೀರೋ, ಸಿಂಹಳದಿಂದ ಬಂದ ತವಮಣಿ ದೇವಿ ಹೀರೋಯಿನ್. ಅದಕ್ಕೆ ಸಂಗೀತ ಕೊಟ್ಟ ಯುವಕನೇ ಮುಂದೆ ಸಿ. ರಾಮಚಂದ್ರ ಅಂತ ದೇಶಕ್ಕೆಲ್ಲ ಗೊತ್ತಾದವರು. 1963ರಲ್ಲಿ ಲತಾ ಮಂಗೇಶ್ಕರ್ ಹಾಡಿ ನೆಹರೂ ಕಣ್ಣಲ್ಲಿ ನೀರು ತರಿಸಿದ ಆ ದೇಶಭಕ್ತಿ ಗೀತೆಗೆ ರಾಗ ಹಾಕಿದ್ದು ಇವರೇ. ಇಂಥವರಿಗೆ ಶುರುವಿನಲ್ಲಿ ಕೈ ಹಿಡಿದವರಲ್ಲಿ ಭಗವಾನ್ ಒಬ್ಬರು.

ಒಂದು ಏಟು ಬದಲಿಸಿದ ಬದುಕು

ನಗಿಸೋ ಮನುಷ್ಯನ ಬದುಕಲ್ಲಿ ನಗು ತರಿಸದ ಒಂದು ದಿನವೂ ಇದೆ. ಅದನ್ನ ಬಿಟ್ಟು ಈ ಕಥೆ ಹೇಳೋದು ಸರಿಯಲ್ಲ. 1942ರಲ್ಲಿ 'ಜಂಗ್-ಎ-ಆಜಾದಿ' ಶೂಟಿಂಗ್. ಲಲಿತಾ ಪವಾರ್ ಆಗ ಹೆಸರಾಂತ ನಾಯಕಿ. ಭಗವಾನ್ ಅವರ ಕೆನ್ನೆಗೆ ಹೊಡೆಯೋ ದೃಶ್ಯ. ಏಟು ಜೋರಾಗಿ ಬಿತ್ತು. ಎಡಗಣ್ಣಿನ ನರಕ್ಕೆ ಪೆಟ್ಟಾಗಿ, ಮುಖಕ್ಕೆ ಲಕ್ವ ಹೊಡೀತು. ಮೂರು ವರ್ಷ ಚಿಕಿತ್ಸೆ ನಡೆದರೂ ಆ ಕಣ್ಣು ಮೊದಲಿನ ಹಾಗೆ ಆಗಲೇ ಇಲ್ಲ.

ಲಲಿತಾ ಪವಾರ್ ಅವರ ನಾಯಕಿ ದಿನಗಳು ಅಲ್ಲಿಗೆ ಮುಗಿದವು. ಆದ್ರೆ ಆ ತಾಯಿ ಮನೆಯಲ್ಲಿ ಕೂರಲಿಲ್ಲ. ಅತ್ತೆ, ಅಮ್ಮನ ಪಾತ್ರಗಳಿಗೆ ಬಂದರು, ಕಿರಿದಾದ ಆ ಕಣ್ಣನ್ನೇ ಅಭಿನಯದ ಬಲ ಮಾಡಿಕೊಂಡರು. ದೂರದರ್ಶನದ ರಾಮಾಯಣದಲ್ಲಿ ಮಂಥರೆ ನೋಡಿದ್ದೀರಲ್ಲ, ಅವರೇ ಲಲಿತಾ ಪವಾರ್. ಬೇಕಂತ ಹೊಡೆದದ್ದಲ್ಲ, ನಿಜ. ಆದರೂ ನಷ್ಟ ಅನುಭವಿಸಿದ್ದು ಅವರು. ಇವತ್ತಿಗೂ ಎಷ್ಟೋ ಜನಕ್ಕೆ ಭಗವಾನ್ ಹೆಸರು ಗೊತ್ತಿರೋದು ಈ ಒಂದು ಏಟಿನಿಂದಲೇ.

1951: ಅಲ್ಬೇಲಾ

1942ರಲ್ಲೇ ಭಗವಾನ್ 'ಜಾಗೃತಿ ಪಿಕ್ಚರ್ಸ್' ಕಟ್ಟಿ ನಿರ್ಮಾಪಕರಾದರು. 1947ರಲ್ಲಿ ಚೆಂಬೂರಿನಲ್ಲಿ ಸ್ವಂತ ಸ್ಟುಡಿಯೋನೂ ಆಯ್ತು. ಸ್ಟಂಟ್ ಚಿತ್ರಗಳಲ್ಲೇ ಮುಳುಗಿದ್ದವರಿಗೆ ಸಾಮಾಜಿಕ ಚಿತ್ರ ಮಾಡಿ ನೋಡಿ ಅಂತ ಸಲಹೆ ಕೊಟ್ಟವರು ರಾಜ್ ಕಪೂರ್. ಆಗ ಹುಟ್ಟಿದ್ದೇ 'ಅಲ್ಬೇಲಾ'.

ಕಥೆ ಅವರದ್ದೇ ಬದುಕಿನ ಹತ್ತಿರ ಇದೆ. ಪ್ಯಾರೇಲಾಲ್ ಅನ್ನೋ ಬಡ ಮನೆ ಹುಡುಗ, ಅವನಿಗೆ ನಾಟಕದ ಹುಚ್ಚು. ಮನೆಗೆ ನಾಲ್ಕು ಕಾಸು ತರೋಕಾಗಲ್ಲ ಅಂತ ಅಪ್ಪ ಹೊರಗೆ ಹಾಕ್ತಾರೆ. ಅದೇ ಹುಡುಗ ರಂಗದ ಮೇಲೆ ಸ್ಟಾರ್ ಆಗ್ತಾನೆ. ಭಗವಾನ್ ಜೊತೆ ಗೀತಾ ಬಾಲಿ. ಸಿ. ರಾಮಚಂದ್ರ ಸಂಗೀತ ಕೊಟ್ಟಿದ್ದಲ್ಲದೆ 'ಚಿತಳ್ಕರ್' ಅನ್ನೋ ಹೆಸರಲ್ಲಿ ಭಗವಾನ್‌ಗೆ ದನಿಯೂ ಕೊಟ್ಟರು. ಮುಂಬೈ ಹೋಟೆಲುಗಳಲ್ಲಿ ಜಾಜ್ ನುಡಿಸ್ತಿದ್ದ ಗೋವಾದ ಟ್ರಂಪೆಟ್ ವಾದಕ ಚಿಕ್ ಚಾಕಲೇಟ್ ರಾಮಚಂದ್ರರ ಸಹಾಯಕರಾಗಿದ್ದರು. ಹಾಗಾಗಿ ಹಾಡುಗಳಲ್ಲಿ ಬ್ಯಾಂಡಿನ ಗತ್ತು ಜೋರಾಗೇ ಕೇಳುತ್ತೆ.

'ಆವಾರಾ', 'ಬಾಜಿ' ಬಂದ ವರ್ಷವೇ ಅಲ್ಬೇಲಾ ಕೂಡ ಬಂತು, ಅವುಗಳ ಪಕ್ಕದಲ್ಲೇ ಗೆದ್ದು ನಿಂತಿತು. ಯಾಕೆ ಗೆತ್ತು ಅಂದ್ರೆ, ಆಗಿನ ಕಾಲದಲ್ಲಿ ಕುಣಿಯೋದು ಹೆಚ್ಚಾಗಿ ಹೀರೋಯಿನ್ ಕೆಲಸ. ಹೀರೋ ಒಂದು ಕಡೆ ನಿಂತು ಹಾಡಿದ್ರೆ ಮುಗೀತು. ಇಲ್ಲಿ 38 ವರ್ಷದ, ದಪ್ಪ ಹೊಟ್ಟೆಯ ಮನುಷ್ಯ ಮುಂದೆ ಬಂದು ಖುಷಿಯಿಂದ ಕುಣಿದ. ನರ್ತನ ಕಲಿತವರ ಕುಣಿತ ಅಲ್ಲ ಅದು. ಕೆಲಸ ಮುಗಿಸಿ ಬಂದವನು ಬೀದಿಯಲ್ಲಿ ಡೋಲು ಕೇಳಿ ಕುಣಿದ ಹಾಗಿತ್ತು. ನೋಡಿದವರಿಗೆ ಇದು ನನ್ನಿಂದಲೂ ಆಗುತ್ತೆ ಅನ್ನಿಸ್ತು. ಭಗವಾನ್ ಕೊಟ್ಟ ದೊಡ್ಡ ಕಾಣಿಕೆ ಇದೇ. ಗುರು ಬೇಡ, ಫೀಸ್ ಬೇಡ, ತೆಳ್ಳಗಿರಬೇಕಾಗಿಲ್ಲ, ಸಂಕೋಚ ಬಿಟ್ರೆ ಸಾಕು.

ಏಳು ಕಾರು, 25 ಕೋಣೆ, ಆಮೇಲೆ ಚಾಳು

ಅಲ್ಬೇಲಾ ದುಡ್ಡು ತಂತು. ಜುಹೂನಲ್ಲಿ ಸಮುದ್ರಕ್ಕೆ ಮುಖ ಮಾಡಿದ 25 ಕೋಣೆಯ ಬಂಗಲೆ, ವಾರದ ಏಳು ದಿನಕ್ಕೆ ಏಳು ಕಾರು. 1953ರಲ್ಲಿ ಅದೇ ತಂಡ ಕಟ್ಟಿಕೊಂಡು 'ಝಮೇಲಾ' ಮಾಡಿದರು. 1956ರಲ್ಲಿ ಕಿಶೋರ್ ಕುಮಾರ್ ಜೊತೆ 'ಭಾಗಂ ಭಾಗ್'. ಅಲ್ಲಿಂದಾಚೆಗೆ ಗೆಲುವು ಕೈಗೆ ಸಿಗಲಿಲ್ಲ. 1966ರ 'ಲಾಬೇಲಾ' ಕೂಡ ಸೋತಿತು. ಬಂಗಲೆ ಹೋಯ್ತು, ಕಾರುಗಳು ಹೋದವು. ಕೊನೆಗೆ ದಾದರ್‌ನ ಚಾಳಿಗೆ ವಾಪಸ್ ಬಂದರು.

ಒಳ್ಳೇ ದಿನಗಳಲ್ಲಿ ಸುತ್ತ ಇದ್ದವರು ಒಬ್ಬೊಬ್ಬರೇ ದೂರ ಆದರು. ಚಾಳಿನ ಮನೆಗೂ ಹುಡುಕಿಕೊಂಡು ಬರ್ತಿದ್ದವರು ಮೂರೇ ಜನ ಅಂತಾರೆ: ಸಿ. ರಾಮಚಂದ್ರ, ನಟ ಓಂ ಪ್ರಕಾಶ್, ಗೀತೆ ಬರೆಯೋ ರಾಜೇಂದರ್ ಕಿಶನ್.

ಕೆಲಸ ಮಾತ್ರ ಅವರು ಬಿಡಲಿಲ್ಲ. 'ಝನಕ್ ಝನಕ್ ಪಾಯಲ್ ಬಾಜೆ', 'ಚೋರಿ ಚೋರಿ'ಯಲ್ಲಿ ಒಳ್ಳೇ ಪಾತ್ರ ಸಿಕ್ಕಿದ್ದವು. ಆಮೇಲಾಮೇಲೆ ಪಾತ್ರ ಚಿಕ್ಕದಾಗ್ತಾ ಬಂತು. ಗುಂಪಿನ ಹಾಡಲ್ಲಿ ಒಂದು ನಿಮಿಷ ಬಂದು ತಮ್ಮದೇ ಹೆಜ್ಜೆ ಹಾಕಿ ಹೋಗಬೇಕು, ಅಷ್ಟೇ. ಒಂದು ಕಾಲದಲ್ಲಿ ಸ್ವಂತ ಸ್ಟುಡಿಯೋ ಇದ್ದವರು ಹೀಗೆ ದಿನದ ಸಂಬಳಕ್ಕೆ ನಿಂತರು. ಪರದೆ ಮೇಲೆ ನೋಡಿದ್ರೆ ಆ ಒಂದು ನಿಮಿಷದಲ್ಲೂ ಮುಖದ ನಗು ಮಾಸಿರಲ್ಲ.

ಯಾಕೆ ಮರೆತೆವು?

ಭಗವಾನ್ ದಾದಾ ಕಥೆ ಹೇಳುವವರು ಸಾಮಾನ್ಯವಾಗಿ ನೀತಿ ಪಾಠ ಮಾಡ್ತಾರೆ. ದುಡ್ಡು ಬಂದಾಗ ಹಿಡಿತ ಇರಬೇಕು, ಇಲ್ಲಾಂದ್ರೆ ಹೀಗಾಗುತ್ತೆ ಅಂತ. ಇದರಲ್ಲಿ ಸುಳ್ಳೇನೂ ಇಲ್ಲ. ಆದ್ರೆ ಒಬ್ಬ ಕಲಾವಿದನ ಬದುಕನ್ನ ಬಂಗಲೆ ಕೋಣೆ ಎಣಿಸಿ ಅಳೆದರೆ ಹೇಗೆ?

ಮರೆಯೋಕೆ ಬೇರೆ ಕಾರಣಗಳೂ ಇವೆ. ಅವರ ಮೊದಲ ಹತ್ತು ವರ್ಷದ ಸಿನಿಮಾ ನೋಡಿದವರು ಕೂಲಿಕಾರರು. ಅಂಥ ಚಿತ್ರಗಳನ್ನ ದೊಡ್ಡ ಪತ್ರಿಕೆಗಳು ಗಂಭೀರವಾಗಿ ತಗೊಂಡು ಬರೀಲಿಲ್ಲ, ಯಾರೂ ಜೋಪಾನ ಮಾಡಲಿಲ್ಲ. ಎಷ್ಟೋ ಚಿತ್ರಗಳ ನೆಗೆಟಿವ್ ಗೋದಾಮಿನ ಬೆಂಕಿಯಲ್ಲಿ ಸುಟ್ಟುಹೋದವು. ಹೀಗಾಗಿ ಇಷ್ಟು ದೊಡ್ಡ ದುಡಿಮೆಯಲ್ಲಿ ಜನಕ್ಕೆ ಉಳಿದದ್ದು ಅಲ್ಬೇಲಾ ಒಂದೇ. ಇನ್ನೊಂದು, ಬೀದಿ ಜನರ ಹಾಗೆ ಕುಣಿದವನ ಕುಣಿತ ಬೀದಿಗೇ ಸೇರಿಹೋಗುತ್ತೆ. ಎಲ್ಲರದ್ದೂ ಆದ ಮೇಲೆ ಅದರ ಮೇಲೆ ಯಾರ ಹೆಸರೂ ಉಳಿಯಲ್ಲ.

2002ರ ಫೆಬ್ರವರಿ 4ರಂದು ದಾದರ್‌ನ ಮನೆಯಲ್ಲೇ ಹೃದಯಾಘಾತದಿಂದ ಭಗವಾನ್ ದಾದಾ ತೀರಿಕೊಂಡರು. ಆಗ ಅವರಿಗೆ 88 ವರ್ಷ. 2016ರಲ್ಲಿ ಅವರ ಬದುಕಿನ ಮೇಲೆ ಮರಾಠಿಯಲ್ಲಿ 'ಏಕ್ ಅಲ್ಬೇಲಾ' ಅನ್ನೋ ಸಿನಿಮಾ ಬಂತು. ಮಂಗೇಶ್ ದೇಸಾಯಿ ಭಗವಾನ್ ಆಗಿ, ವಿದ್ಯಾ ಬಾಲನ್ ಗೀತಾ ಬಾಲಿಯಾಗಿ ಮಾಡಿದ್ದಾರೆ.

ಬಿಡುವಿದ್ದಾಗ ಮೊದಲು ಮೂಲ ಅಲ್ಬೇಲಾ ನೋಡಿ. ಕಪ್ಪು ಬಿಳುಪು ಅಂತ ಬೇಜಾರು ಮಾಡ್ಕೋಬೇಡಿ. ಹಾಡು ಶುರುವಾದ ಮೇಲೆ ಆ ಗಿಡ್ಡ ಮನುಷ್ಯನ ಕೈ ಕಡೆ ಗಮನ ಇಡಿ. ಎಲ್ಲೋ ನೋಡಿದ್ದೀನಲ್ಲ ಅನ್ನಿಸುತ್ತೆ. ಮನೆಯ ಮಕ್ಕಳಿಗೂ ತೋರಿಸಿ, ಹೆಸರೂ ಹೇಳಿ.