ಕೇಳಿ ಕಲಿತ ಸರ್ವೆ ಸಾಹೇಬ

‘ಟೆಕ್ ಲೀಡರ್’ ಅಂದ್ರೆ ಈಗ ಬೆಂಗಳೂರಿನ ಸಿಇಒಗಳೇ ನೆನಪಾಗ್ತಾರೆ. ಇನ್ನೂರು ವರ್ಷದ ಹಿಂದೆ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯನ್ನೂ ಅಳೆಸಿದ ಒಬ್ಬ ಇದ್ದ: ಕಾಲಿನ್ ಮೆಕೆಂಝಿ.

ಸ್ಕಾಟ್ಲೆಂಡಿನಿಂದ 1783ರಲ್ಲಿ ಬಂದು ಕಂಪನಿ ಸೇನೆಯಲ್ಲಿ ಇಂಜಿನಿಯರ್ ಆದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಇವನ ಹೆಗಲಿಗೆ ಬಂತು. ಅಳತೆ ಗೊತ್ತಿತ್ತು, ಇಲ್ಲಿನ ಭಾಷೆಗಳು ಮಾತ್ರ ಕೊನೆವರೆಗೂ ಒಲಿಯಲಿಲ್ಲ. ಹಾಗಂತ ಗೆರೆ ಎಳೆದು ಸುಮ್ಮನಾಗಲಿಲ್ಲ. ಗುಡಿ ಕಟ್ಟಿಸಿದ್ದು ಯಾರು, ಕಲ್ಲಿನ ಮೇಲೆ ಏನಿದೆ ಅಂತ ಊರೂರಲ್ಲಿ ಕೇಳಿಸಿದ. ಕೇಳಿ ಬರೆದು ತಂದವರು ಕಾವಲಿ ವೆಂಕಟ ಬೋರಯ್ಯ. ಅವರು 1803ರಲ್ಲಿ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ. 1804ರಲ್ಲಿ ಚಾಮರಾಜನಗರದ ಹತ್ತಿರದ ಕನಕಗಿರಿಯ ಜೈನ ಕವಿ ದೇವಚಂದ್ರರೂ ಹಳೆಯ ಸಂಗತಿಗಳನ್ನು ತಿಳಿಸಿಕೊಟ್ಟರು.

ಇದನ್ನು ಬರೀ ಜ್ಞಾನದಾಹ ಅನ್ನೋಕಾಗಲ್ಲ. ಆಳೋದಕ್ಕೆ ಕಂಪನಿಗೆ ನಕ್ಷೆ ಬೇಕಿತ್ತು. ಆದರೂ ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಂದ ಕೇಳೋಕೆ ಈ ಅಧಿಕಾರಿ ಹಿಂಜರಿಯಲಿಲ್ಲ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಮೇಲೂ ಸಂಗ್ರಹ ನಿಲ್ಲಲಿಲ್ಲ. 1821ರಲ್ಲಿ ಸಾಯುವಾಗ ಶಾಸನದ ಪ್ರತಿಗಳೇ 8,000 ದಾಟಿದ್ದವು.

ಸಹಾಯಕರ ಋಣವನ್ನು ಮೆಕೆಂಝಿ ಒಪ್ಪಿಕೊಂಡಿದ್ದ. ಆದರೆ ಸಂಗ್ರಹಕ್ಕೆ ಉಳಿದದ್ದು ಅವನೊಬ್ಬನದೇ ಹೆಸರು. ದೇವಚಂದ್ರರು ತಮ್ಮ ಹೆಸರಲ್ಲೇ ‘ರಾಜಾವಳಿ ಕಥೆ’ ಮುಗಿಸಿದ್ದು 1838ರಲ್ಲಿ, ಸಾಹೇಬ ಸತ್ತು 17 ವರ್ಷದ ಮೇಲೆ.