ನಾಯಕನ ಪಟ್ಟ ಸಿಗದ ನಾಯಕ: ಪಾಲ್ವಂಕರ್ ಬಾಳು



ಹೋದ ತಿಂಗಳು ನಮ್ಮ ಕ್ಲಾಸಿನವರು ಕ್ರಿಕೆಟ್ ಟೀಮ್ ಮಾಡುವಾಗ ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಕ್ಯಾಪ್ಟನ್ ಯಾರಾಗಬೇಕು ಅನ್ನೋದಕ್ಕೇ ಅರ್ಧ ಗಂಟೆ ಜಗಳ. ಬ್ಯಾಟು ಯಾರದೋ ಅವನೇ ಕ್ಯಾಪ್ಟನ್ ಅಂತ ಒಬ್ಬ, ಎತ್ತರ ಇರೋನೇ ಕ್ಯಾಪ್ಟನ್ ಅಂತ ಇನ್ನೊಬ್ಬ. ಅಷ್ಟರಲ್ಲಿ ಬೆಲ್ ಹೊಡೀತು. ಆಟವೂ ಇಲ್ಲ, ಕ್ಯಾಪ್ಟನ್ನೂ ಇಲ್ಲ. ಆ ಜಗಳದಲ್ಲಿ ಜೋರಾಗಿ ಕೂಗಿದವರಲ್ಲಿ ನಾನೂ ಒಬ್ಬ. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಆಟಗಾರರ ಜೀವನ ಬರೆಯೋಣ ಅಂತ ಮನಸ್ಸು ಮಾಡಿದೆ. ಇವರು ಭಾರತದ ಮೊದಲ ದೊಡ್ಡ ಬೌಲರ್. ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. ಸಮುದ್ರ ದಾಟಿ ಹೋಗಿ ಇಂಗ್ಲೆಂಡಿನವರ ನೆಲದಲ್ಲೇ ಅವರ ವಿಕೆಟ್ ಉರುಳಿಸಿದವರು. ಆದರೆ ತಮ್ಮ ತಂಡಕ್ಕೆ ನಾಯಕ ಅಂತ ಇವರನ್ನು ಯಾರೂ ಒಂದು ಸಲವೂ ಆರಿಸಲಿಲ್ಲ.

ಅವರ ಹೆಸರು ಪಾಲ್ವಂಕರ್ ಬಾಳು.

ಬಾಲ್ಯ

ಬಾಳು ಹುಟ್ಟಿದ್ದು 1875-76ರ ಸುಮಾರಿಗೆ, ಧಾರವಾಡದಲ್ಲಿ. ಆಗ ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅವರ ಮನೆತನದ ಮೂಲ ಊರು ಕೊಂಕಣದ ಪಾಲ್ವಣ. ಅದರಿಂದಲೇ ಪಾಲ್ವಂಕರ್ ಅನ್ನೋ ಹೆಸರು ಬಂತು. ತಂದೆ ಸೈನ್ಯದಲ್ಲಿ ಕೆಲಸಕ್ಕಿದ್ದರು. ಅವರದು ಚರ್ಮದ ಕೆಲಸ ಮಾಡುವ ಸಮುದಾಯ. ಆ ಕಾಲದಲ್ಲಿ ಆ ಜನರನ್ನು ಅಸ್ಪೃಶ್ಯರು ಅಂತ ಕರೆದು ದೂರ ಇಟ್ಟಿದ್ದರು. ಬಾವಿಯ ನೀರು ಮುಟ್ಟುವಂತಿಲ್ಲ, ಗುಡಿಯ ಒಳಗೆ ಹೋಗುವಂತಿಲ್ಲ, ಬೇರೆಯವರ ಜೊತೆ ಕೂತು ಉಣ್ಣುವ ಮಾತಂತೂ ಇಲ್ಲವೇ ಇಲ್ಲ.

ಮುಂದೆ ಸಂಸಾರ ಪುಣೆಗೆ ಹೋಯಿತು. ಅಲ್ಲಿ ಬ್ರಿಟಿಷ್ ಸೈನ್ಯದ ದೊಡ್ಡ ಠಾಣೆ ಇತ್ತು. ಸಾಹೇಬರು ಆಡಿ ಬಿಸಾಕಿದ ಹಳೇ ಬ್ಯಾಟು, ಸವೆದ ಚೆಂಡು ಇವನ್ನೇ ಹಿಡಿದು ಬಾಳು ಮತ್ತು ತಮ್ಮ ಶಿವರಾಮ ಆಟ ಕಲಿತರು. ನಾವು ತೆಂಗಿನ ಮಟ್ಟೆ ಕೆತ್ತಿ ಬ್ಯಾಟು ಮಾಡ್ಕೊಳ್ತೀವಲ್ಲ, ಹಾಗೇ ಅಂತ ಇಟ್ಕೊಳ್ಳಿ.

ನಾಲ್ಕು ರೂಪಾಯಿ ಸಂಬಳ

ಓದು ಹೆಚ್ಚು ಮುಂದುವರಿಯಲಿಲ್ಲ. ಹುಡುಗ ಬಾಳು ಮೊದಲು ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿದರು. ಪಿಚ್ ಗುಡಿಸುವುದು, ರೋಲರ್ ಎಳೆಯುವುದು ಕೆಲಸ. ತಿಂಗಳಿಗೆ ಮೂರು ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಬಂದರು. ಅಲ್ಲಿ ನಾಲ್ಕು ರೂಪಾಯಿ. ಬಲೆ ಕಟ್ಟಬೇಕು, ಪಿಚ್ ಸರಿಮಾಡಬೇಕು, ಟೆನಿಸ್ ಅಂಗಳಕ್ಕೆ ಸುಣ್ಣದ ಗೆರೆ ಹಾಕಬೇಕು. ಬಿಡುವಾದಾಗ ಸಾಹೇಬರಿಗೆ ಬೌಲಿಂಗ್ ಮಾಡಬೇಕು.

ಬೌಲಿಂಗ್ ಮಾಡ್ತಾ ಮಾಡ್ತಾ ಆ ಹುಡುಗನ ಎಡಗೈಯಲ್ಲಿ ವಿದ್ಯೆ ಕೂತುಬಿಟ್ಟಿತು. ನಿಧಾನವಾಗಿ ಬರುವ ಚೆಂಡು, ಆದರೆ ಎಲ್ಲಿ ಬೀಳುತ್ತೆ, ಯಾವ ಕಡೆ ತಿರುಗುತ್ತೆ ಅಂತ ಬ್ಯಾಟ್ಸ್‌ಮನ್‌ಗೆ ಗೊತ್ತಾಗುತ್ತಿರಲಿಲ್ಲ. ಗ್ರೇಗ್ ಅನ್ನೋ ಸೈನ್ಯಾಧಿಕಾರಿ ಆಗ ಇಂಡಿಯಾದಲ್ಲಿದ್ದ ಇಂಗ್ಲಿಷರ ಪೈಕಿ ಬಹಳ ಒಳ್ಳೇ ಬ್ಯಾಟ್ಸ್‌ಮನ್. ಆತ ಬೇರೆಯವರಿಗಿಂತ ಒಂದು ತಾಸು ಮೊದಲೇ ಬಂದು ಬಾಳು ಎದುರು ಅಭ್ಯಾಸ ಮಾಡುತ್ತಿದ್ದರಂತೆ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಅಂತಲೂ ಕಥೆ ಇದೆ. ಎಂಟಾಣೆ ಎಂಟು ಸಲ ಸಿಕ್ಕರೆ ಒಂದು ತಿಂಗಳ ಸಂಬಳ! ಆದರೆ ಒಂದು ಮಾತು ಗಮನಿಸಿ. ಇಷ್ಟು ತಾಸು ಬೌಲಿಂಗ್ ಮಾಡಿಸಿಕೊಂಡವರು ಆ ಹುಡುಗನ ಕೈಗೆ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗ್ ಅಂದ್ರೆ ದೊಡ್ಡವರ ಆಟ, ಬೌಲಿಂಗ್ ಅಂದ್ರೆ ಆಳಿನ ಕೆಲಸ ಅನ್ನೋ ಹಾಗಿತ್ತು.

ಚೆಂಡು ಮುಟ್ಟಬಹುದು, ಲೋಟ ಮುಟ್ಟಬಾರದು

ಪುಣೆಯ ಹಿಂದೂ ಆಟಗಾರರು ಯುರೋಪಿಯನ್ನರನ್ನು ಸೋಲಿಸಬೇಕು ಅಂತ ಹಟ ತೊಟ್ಟಿದ್ದರು. ಅದಕ್ಕೆ ಬಾಳು ಬೇಕಾಗಿತ್ತು. ಆದರೆ ಅಸ್ಪೃಶ್ಯನನ್ನು ತಂಡಕ್ಕೆ ಸೇರಿಸುವುದು ಹೇಗೆ? ಅವರಲ್ಲೇ ಚರ್ಚೆ ಎದ್ದಿತು. ಕೊನೆಗೆ ಗೆಲ್ಲುವ ಆಸೆಯೇ ಗೆದ್ದಿತು. ಬಾಳು ತಂಡಕ್ಕೆ ಸೇರಿದರು.

ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಆದರೆ ಚಹಾ ಹೊತ್ತಿಗೆ ಉಳಿದವರು ಒಳಗೆ ಕೂತು ಕಪ್ಪಿನಲ್ಲಿ ಕುಡಿದರೆ ಬಾಳು ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು. ಕುಡಿದ ಮೇಲೆ ಆ ಕುಡಿಕೆ ಎಸೆಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಬೇಕಾದರೆ ತಮ್ಮ ಜಾತಿಯ ಆಳೇ ದೂರದಲ್ಲಿ ನೀರು ತಂದು ಕೊಡಬೇಕು. ಗೆಳೆಯರೇ, ಇದನ್ನು ಓದಿದಾಗ ನನಗೆ ಬಹಳ ಹೊತ್ತು ಏನೂ ತೋಚಲಿಲ್ಲ. ಬಿಸಿಲಲ್ಲಿ ದಿನವಿಡೀ ತಂಡಕ್ಕಾಗಿ ಬೌಲಿಂಗ್ ಮಾಡಿದವನಿಗೆ ಒಂದು ಲೋಟ ಇಲ್ಲ!

ಬಾಳು ಜಗಳಕ್ಕೆ ನಿಲ್ಲಲಿಲ್ಲ, ಆಟ ಬಿಟ್ಟೂ ಹೋಗಲಿಲ್ಲ. ಪಂದ್ಯದ ಮೇಲೆ ಪಂದ್ಯ ಗೆಲ್ಲಿಸುತ್ತಾ ಹೋದರು. ಒಮ್ಮೆ ಸಾತಾರಾದ ಇಂಗ್ಲಿಷರ ಜಿಮ್‌ಖಾನಾ ಜೊತೆ ಪಂದ್ಯ. ಬಾಳು ಬೌಲಿಂಗಿಗೆ ಹೆದರಿ ಅವರು ಒಂದು ವಾರ ಪಿಚ್ಚಿಗೆ ರೋಲರ್ ಹೊಡೆದು ಗಟ್ಟಿ ಮಾಡಿಟ್ಟಿದ್ದರಂತೆ. ಆದರೂ ಬಾಳು ಏಳು ವಿಕೆಟ್ ಕಿತ್ತರು. ಹಿಂದೂ ತಂಡ ಗೆದ್ದು ಬಂದಾಗ ಪುಣೆಯಲ್ಲಿ ಅವರಿಗೆ ಹಾರ ಬಿತ್ತು. ನ್ಯಾಯಮೂರ್ತಿ ರಾನಡೆಯವರಂಥ ದೊಡ್ಡವರು ಎಲ್ಲರೆದುರು ಅವರನ್ನು ಹೊಗಳಿದರು. ಕೂಡಿ ಆಡುವವರು ಕೂಡಿ ಉಣ್ಣಲೂ ಬೇಕಲ್ಲ ಅನ್ನೋ ವಿಚಾರ ಆಗ ಶುರುವಾಯಿತು.

ಮುಂಬಯಿಯಲ್ಲಿ

ಆಮೇಲೆ ಬಾಳು ಮುಂಬಯಿಗೆ ಬಂದು ಹಿಂದೂ ಜಿಮ್‌ಖಾನಾ ಪರವಾಗಿ ಆಡತೊಡಗಿದರು. ಹೊಟ್ಟೆಪಾಡಿಗೆ ರೈಲ್ವೆಯಲ್ಲಿ ಕೆಲಸ. ಆಗ ಮುಂಬಯಿಯಲ್ಲಿ ತಂಡಗಳು ಈಗಿನ ಹಾಗೆ ಊರು, ರಾಜ್ಯದ ಹೆಸರಲ್ಲಿ ಇರಲಿಲ್ಲ. ಯುರೋಪಿಯನ್, ಪಾರ್ಸಿ, ಹಿಂದೂ, ಮುಂದೆ 1912ರಿಂದ ಮುಸ್ಲಿಂ, ಹೀಗೆ ಧರ್ಮದ ಹೆಸರಲ್ಲಿ ಇದ್ದವು.

1906ರ ಫೆಬ್ರವರಿಯಲ್ಲಿ ಹಿಂದೂ ತಂಡ ಯುರೋಪಿಯನ್ ತಂಡವನ್ನು 109 ರನ್ನುಗಳಿಂದ ಸೋಲಿಸಿತು. ಬಾಳು, ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು. ಹಿಂದಿನ ವರ್ಷವಷ್ಟೇ ಪುಟ್ಟ ಜಪಾನ್ ದೊಡ್ಡ ರಷ್ಯಾವನ್ನು ಯುದ್ಧದಲ್ಲಿ ಸೋಲಿಸಿತ್ತು. ಈ ಗೆಲುವನ್ನೂ ಜನ ಅದಕ್ಕೇ ಹೋಲಿಸಿ ಸಂತೋಷಪಟ್ಟರು. ಇನ್ನೂ ಒಂದು ಸಂತೋಷ ಏನೆಂದರೆ, ಪುಣೆಯಲ್ಲಿ ಹೊರಗೆ ನಿಂತು ಚಹಾ ಕುಡಿದಿದ್ದ ಬಾಳು ಮುಂಬಯಿಯ ಜಿಮ್‌ಖಾನಾದಲ್ಲಿ ತಂಡದವರ ಜೊತೆಗೇ ಕೂತು ಊಟ ಮಾಡಿದರು. ಸಮಾಜ ಸುಧಾರಕರ ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು. ಭಾಷಣದಿಂದ ಆಗದ ಕೆಲಸ ಬೌಲಿಂಗಿನಿಂದ ಸ್ವಲ್ಪವಾದರೂ ಆಯಿತು ಅಂತ ನನಗನ್ನಿಸುತ್ತದೆ.

ಸಮುದ್ರದಾಚೆ

1911ರಲ್ಲಿ ಮೊದಲ ಬಾರಿಗೆ ಹಿಂದೂ, ಮುಸ್ಲಿಂ, ಪಾರ್ಸಿ ಎಲ್ಲರೂ ಸೇರಿದ ಅಖಿಲ ಭಾರತ ತಂಡ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಆ ತಂಡದಲ್ಲಿ ಬಾಳು, ತಮ್ಮ ಶಿವರಾಮ ಇದ್ದರು. ಬೆಂಗಳೂರಿನ ಬಿ. ಜಯರಾಮ್ ಕೂಡ ಇದ್ದರು. ನಾಯಕ ಯಾರು ಗೊತ್ತಾ? ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ವಯಸ್ಸು ಇನ್ನೂ 19. ಆ ಜೂನ್‌ನಲ್ಲೇ ಲಂಡನ್ನಿನಲ್ಲಿ ಐದನೇ ಜಾರ್ಜ್ ದೊರೆಯ ಪಟ್ಟಾಭಿಷೇಕ. ಮಹಾರಾಜರಿಗೆ ಔತಣ, ಸಮಾರಂಭ ಅಂತ ಓಡಾಟ. ಕೆಲವೇ ಪಂದ್ಯ ಆಡಿದರು.

ಹೀಗೆ ನಾಯಕ ಇದ್ದೂ ಇಲ್ಲದ ತಂಡದ ಭಾರ ಬಾಳು ಅವರ ಎಡಗೈ ಮೇಲೆ ಬಿತ್ತು. ಅವರಿಗೆ ಆಗ 35 ದಾಟಿತ್ತು. ಹೊಸ ದೇಶ, ಹೊಸ ನೆಲ, ಪಂದ್ಯದ ಹಿಂದೆ ಪಂದ್ಯ. ತಂಡ ಸೋಲುತ್ತಲೇ ಇತ್ತು. ಆದರೂ ಓವರ್ ಮೇಲೆ ಓವರ್ ಬೌಲಿಂಗ್ ಮಾಡುತ್ತಲೇ ಹೋದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ 103 ರನ್ ಕೊಟ್ಟು 8 ವಿಕೆಟ್ ತೆಗೆದರು. 14 ಪ್ರಥಮ ದರ್ಜೆ ಪಂದ್ಯಗಳಲ್ಲಿ ತಂಡ ಗೆದ್ದಿದ್ದು ಎರಡೇ, ಸೋತಿದ್ದು ಹತ್ತು. ಗೆದ್ದ ಎರಡು ಲೆಸ್ಟರ್‌ಶೈರ್ ಮತ್ತು ಸಾಮರ್‌ಸೆಟ್ ಮೇಲೆ. ಸಾಮರ್‌ಸೆಟ್ ಪಂದ್ಯವನ್ನು ಒಂದೇ ವಿಕೆಟ್ ಉಳಿದಿರುವಾಗ ಗೆಲ್ಲಿಸಿದ್ದು ತಮ್ಮ ಶಿವರಾಮನ ಶತಕ. ಅಂಥ ಸೋಲಿನ ತಂಡದಲ್ಲಿದ್ದೂ ಬಾಳು ಪ್ರಥಮ ದರ್ಜೆ ಪಂದ್ಯಗಳಲ್ಲಿ 75 ವಿಕೆಟ್, ಎಲ್ಲ ಪಂದ್ಯ ಸೇರಿ 114 ವಿಕೆಟ್ ಪಡೆದರು.

ಅಲ್ಲಿಯ ಕೌಂಟಿ ತಂಡಗಳು ಇವರನ್ನು ಸಂಬಳ ಕೊಟ್ಟು ಆಡಿಸಲು ಕರೆದಿದ್ದವು ಅಂತ ಹೇಳುತ್ತಾರೆ. ಇಂಗ್ಲೆಂಡಿನಲ್ಲೂ ಒಂದು ಭೇದ ಇತ್ತು, ಕೇಳಿ. ದುಡ್ಡಿಗೆ ಆಡುವವರನ್ನು ಆಟಗಾರರು ಅಂತಲೂ, ಹಣವಂತರಾಗಿ ಸುಮ್ಮನೆ ಆಡುವವರನ್ನು ಜಂಟಲ್‌ಮನ್‌ಗಳು ಅಂತಲೂ ಕರೆಯುತ್ತಿದ್ದರು. ಎಷ್ಟೋ ಮೈದಾನಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಕೋಣೆ, ಬೇರೆ ಬೇರೆ ಬಾಗಿಲು. ಈ ಪದ್ಧತಿ ಹೋಗಿದ್ದು 1962ರಲ್ಲಿ. ಭೇದ ಅನ್ನೋದು ನಮ್ಮಲ್ಲಿ ಮಾತ್ರ ಅಲ್ಲ, ವೇಷ ಬದಲಿಸಿಕೊಂಡು ಎಲ್ಲಾ ಕಡೆ ಇರುತ್ತೆ ಅಂತ ಕಾಣುತ್ತೆ. ಬಾಳು ಅಲ್ಲಿ ಉಳಿಯದೆ ಮುಂಬಯಿಗೆ ವಾಪಸು ಬಂದರು.

ಬಂದಾಗ ಅವರ ಸಮುದಾಯದ ಜನ ಸೇರಿ ದೊಡ್ಡ ಸನ್ಮಾನ ಮಾಡಿದರು. ಆ ಸನ್ಮಾನ ಪತ್ರ ಬರೆದಿದ್ದು ಆಗಿನ್ನೂ ಯಾರಿಗೂ ಹೆಚ್ಚು ಗೊತ್ತಿಲ್ಲದ ಒಬ್ಬ ಕಾಲೇಜು ವಿದ್ಯಾರ್ಥಿ. ಯಾರು ಹೇಳಿ ನೋಡೋಣ? ಮುಂದೆ ನಮ್ಮ ಸಂವಿಧಾನ ಬರೆದ ಬಾಬಾಸಾಹೇಬ ಅಂಬೇಡ್ಕರ್! ಆ ಹುಡುಗನ ಕಣ್ಣಿಗೆ ಬಾಳು ಒಬ್ಬ ಹೀರೋ ಆಗಿದ್ದರು.

ಪಟ್ಟದ ಪ್ರಶ್ನೆ

ಇಷ್ಟೆಲ್ಲ ಆದಮೇಲೆ ಹಿಂದೂ ತಂಡಕ್ಕೆ ನಾಯಕ ಯಾರಾಗಬೇಕಿತ್ತು? ನೀವೇ ಹೇಳಿ. ಆದರೆ ವರ್ಷದ ಮೇಲೆ ವರ್ಷ ಹೋಯಿತು, ಬಾಳುವನ್ನು ನಾಯಕ ಮಾಡಲಿಲ್ಲ. ಕಾರಣ ಜಾತಿ. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರೇ ಈ ಗೌರವ ಬಾಳುವಿಗೆ ಸಲ್ಲಬೇಕಿತ್ತು ಅಂತ ಬಹಿರಂಗವಾಗಿ ಹೇಳಿದರು. ತನಗೆ ಸಿಕ್ಕ ಪಟ್ಟ ಬೇರೆಯವನದು ಅಂತ ಹೇಳೋದಕ್ಕೂ ದೊಡ್ಡ ಮನಸ್ಸು ಬೇಕು.

1920ರಲ್ಲಿ ಬಾಳುವನ್ನು ತಂಡದಿಂದಲೇ ಕೈಬಿಟ್ಟರು. ಕೊನೆಯ ತಮ್ಮ ವಿಠ್ಠಲ ಆಗ ಒಳ್ಳೇ ಬ್ಯಾಟ್ಸ್‌ಮನ್, ಅವರಿಗೂ ನಾಯಕತ್ವ ಕೊಡಲಿಲ್ಲ. ಇಷ್ಟು ವರ್ಷ ಸುಮ್ಮನಿದ್ದ ಆ ಮನೆತನ ಆಗ ಸುಮ್ಮನಿರಲಿಲ್ಲ. ಶಿವರಾಮ, ವಿಠ್ಠಲ ಇಬ್ಬರೂ ಜಾತಿಯ ಅನ್ಯಾಯವನ್ನು ಲಿಖಿತವಾಗಿ ಹೇಳಿ ತಂಡದಿಂದ ಹೊರಗೆ ಬಂದರು. ಜನರೂ ಅವರ ಪರ ನಿಂತರು. ಕೊನೆಗೆ ಮುಂದಿನ ಪಂದ್ಯಕ್ಕೆ ಬಾಳುವನ್ನು ಉಪನಾಯಕ ಅಂತ ಕರೆದರು. ಆ ಪಂದ್ಯದಲ್ಲಿ ನಾಯಕ ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರಗೆ ಹೋದರು. ಅಷ್ಟು ಹೊತ್ತು ತಂಡವನ್ನು ನಡೆಸಿದವರು ಬಾಳು. 45ರ ಹತ್ತಿರದ ವಯಸ್ಸಿನಲ್ಲಿ ಸಿಕ್ಕ ನಾಯಕತ್ವ ಅಷ್ಟೇ.

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ತಂಡ ಗೆದ್ದಿತು. ಜನ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣ ಗುಡಿಸಿ ಹದ ಮಾಡಿಟ್ಟ ಪಿಚ್ಚಿನ ಮೇಲೆ ತಮ್ಮ ಆಡಿದ ಹಾಗಾಯಿತು.

ಕೊನೆಯ ದಿನಗಳು

ಆಟ ಬಿಟ್ಟ ಮೇಲೆ ಬಾಳು ರಾಜಕೀಯಕ್ಕೆ ಬಂದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಅಷ್ಟರಲ್ಲಿ ಅಂಬೇಡ್ಕರ್ ಅವರ ದಾರಿ ಬೇರೆ, ಇವರ ದಾರಿ ಬೇರೆ ಆಗಿತ್ತು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಳು ಅಂಬೇಡ್ಕರ್ ವಿರುದ್ಧವೇ ನಿಂತು ಸುಮಾರು ಎರಡು ಸಾವಿರ ಮತಗಳಿಂದ ಸೋತರು. ತನ್ನನ್ನು ಹೊಗಳಿ ಸನ್ಮಾನ ಪತ್ರ ಬರೆದವನ ಎದುರೇ ಸೋಲುವುದು ಎಷ್ಟು ಕಷ್ಟವೋ! ದೊಡ್ಡವರ ಜೀವನದಲ್ಲಿ ಇಂಥದ್ದೂ ಇರುತ್ತದೆ. ಅದನ್ನು ಮುಚ್ಚಿಡಬಾರದು ಅಂತ ಬರೆದಿದ್ದೇನೆ.

1955ರ ಜುಲೈ 4ರಂದು ಬಾಳು ಮುಂಬಯಿಯಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಅಸ್ಪೃಶ್ಯತೆ ಆಚರಿಸುವುದು ಅಪರಾಧ ಅಂತ ಅದೇ ವರ್ಷ ಕಾನೂನೂ ಬಂದಿತ್ತು.

ಇವರ ಆಟದ ಲೆಕ್ಕ
ಪ್ರಥಮ ದರ್ಜೆ ಪಂದ್ಯಗಳು: 33
ವಿಕೆಟ್‌ಗಳು: 179
ಪ್ರತಿ ವಿಕೆಟ್ಟಿಗೆ ಕೊಟ್ಟ ರನ್: ಸುಮಾರು 15
ಆಡಿದ ತಮ್ಮಂದಿರು: ಶಿವರಾಮ, ಗಣಪತ, ವಿಠ್ಠಲ

ಗೆಳೆಯರೇ, ನಮ್ಮ ತ್ಯಾವರೆಕೊಪ್ಪಕ್ಕೆ ಹುಲಿ ಸಿಂಹ ನೋಡೋಕೆ ದೂರ ದೂರದಿಂದ ಜನ ಬರ್ತಾರೆ. ಹುಲಿಗೆ ನೀನು ಹುಲಿ ಅಂತ ಯಾರೂ ಚೀಟಿ ಬರೆದು ಕೊಡಬೇಕಾಗಿಲ್ಲ. ಬಾಳು ಅವರದೂ ಹಾಗೇ. ತೋಳಿಗೆ ಪಟ್ಟಿ ಕಟ್ಟಿಕೊಳ್ಳದೆಯೇ ಅವರು ತಂಡವನ್ನು ನಡೆಸಿದರು. ಹಾಗಂತ ಅವರಿಗೆ ಪಟ್ಟ ಕೊಡದೇ ಇದ್ದದ್ದು ಸರಿ ಅಂತ ಅಲ್ಲ. ಅದು ತಪ್ಪೇ. ಆ ತಪ್ಪು ಕೊಡದವರದ್ದು.

ಈಗ ನಮ್ಮ ಜಗಳದ ವಿಷಯ. ಆವತ್ತು ನಾವೆಲ್ಲ ಕೂಗಾಡುವಾಗ ನಮ್ಮ ಕ್ಲಾಸಿನ ಒಬ್ಬ ಹುಡುಗ ಮೂಲೆಯಲ್ಲಿ ಒಬ್ಬನೇ ಪಿಚ್ಚಿನ ಕಲ್ಲು ಆರಿಸಿ ಹಾಕ್ತಿದ್ದ. ಅವನನ್ನು ಕ್ಯಾಪ್ಟನ್ ಮಾಡೋಣ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬರುವ ಶನಿವಾರ ಮತ್ತೆ ಟೀಮ್ ಮಾಡ್ತೀವಲ್ಲ, ಆವತ್ತು ನಾನು ಅವನ ಹೆಸರು ಹೇಳುತ್ತೇನೆ. ನೀವೂ ಯೋಚನೆ ಮಾಡಿ.